ಕಿವಿ ಡಾಕ್ಟ್ರು ಕಳಿಸಿದ ಲಿಂಕು

ಅವನು ಡಾಕ್ಟರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಜನ "ಒಬ್ಬ ಡಾಕ್ಟ್ರಾಗಿ ಹೀಗಾ ಮಾಡೋದು" ಅಂತಲೇ ಬೈದರು. ಕಿವಿ ಕೇಳಿಸದವರಿಗೆ ಮಿಷನ್ ಹಾಕಿಕೊಡುವ ಅಂಗಡಿಯಲ್ಲಿ ಅವನು ಸಂಬಳಕ್ಕಿದ್ದವನು. ಅದೇ ಅಂಗಡಿಯ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷದಿಂದ ಕೂತಿರುವವಳು ನಾನು. ಎರಡು ವರ್ಷದ ಕೋರ್ಸು ಮುಗಿಸಿ, ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತಗುಲಿಹಾಕಿದ್ದ, ಅಷ್ಟೇ. ಆದರೆ ಹತ್ತು ವರ್ಷ ಏನೂ ಕೇಳಿಸದೆ ಕೂತಿದ್ದ ಮುದುಕನಿಗೆ ಇದ್ದಕ್ಕಿದ್ದ ಹಾಗೆ ಹೆಂಡತಿ ಬೈಯುವುದು ಕೇಳಿಸಿದರೆ, ಅವನು ಎದುರಿಗಿದ್ದವನನ್ನು ಡಾಕ್ಟ್ರು ಅನ್ನದೆ ಇನ್ನೇನೆನ್ನುತ್ತಾನೆ? ಹಾಗಾಗಿ ಊರಿಗೆಲ್ಲ ಅವನು ಕಿವಿ ಡಾಕ್ಟ್ರು. ನನಗೆ ಎಂಟು ವರ್ಷಕ್ಕೆ ಚಿಕ್ಕವನು, ನನ್ನನ್ನು ಅಕ್ಕ ಎನ್ನುತ್ತಿದ್ದ.

ಅಂಗಡಿ ಎಂದರೆ ಎರಡು ಕೋಣೆ. ಮುಂದಿನದರಲ್ಲಿ ನನ್ನ ಕೌಂಟರು, ನೀಲಿ ರೆಕ್ಸಿನ್ನಿನ ಉದ್ದ ಬೆಂಚು, ಬ್ಯಾಟರಿ ಪೊಟ್ಟಣಗಳನ್ನಿಟ್ಟ ಗಾಜಿನ ಕಪಾಟು. ಹಿಂದಿನದರಲ್ಲಿ ಅವನ ಮೇಜು, ಭೂತಗನ್ನಡಿಯ ದೀಪ, ಕಿವಿಯ ಅಚ್ಚು ತೆಗೆಯುವ ಗುಲಾಬಿ ಬಣ್ಣದ ಅಂಟು. ಎರಡರ ನಡುವೆ ಪರೀಕ್ಷೆಯ ಪೆಟ್ಟಿಗೆ. ಪೆಟ್ಟಿಗೆ ಎನ್ನುವುದು ನಾವಿಟ್ಟ ಹೆಸರು. ಇಬ್ಬರು ಕೂರುವಷ್ಟು ಪುಟ್ಟ ಕೋಣೆ ಅದು. ಗೋಡೆಗೆಲ್ಲ ಬೂದು ಸ್ಪಂಜು, ಒಂದು ಗೇಣು ದಪ್ಪದ ಬಾಗಿಲು, ಬೆಂಚಿನ ಕಡೆಗೆ ಒಂದು ಗಾಜಿನ ಕಿಟಕಿ. ಬಾಗಿಲು ಹಾಕಿದರೆ ಒಳಗೆ ಕೊಲೆಯಾದರೂ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಎಷ್ಟೋ ಸಲ ಅಂಗಡಿಯ ಯಜಮಾನರ ಮೇಲಿನ ಸಿಟ್ಟನ್ನು ನಾನು ಅದರೊಳಗೆ ಹೋಗಿ ಕೂಗಿ ತೀರಿಸಿಕೊಂಡು ಬಂದಿದ್ದೇನೆ.

ಕೆಲಸದಲ್ಲಿ ಅವನ ತಾಳ್ಮೆ ನೋಡಬೇಕಿತ್ತು. ನಾವೆಲ್ಲ ಕಿವಿ ಕೇಳಿಸದವರ ಹತ್ತಿರ ಗಂಟಲು ಹರಿಯುವಂತೆ ಕಿರುಚುತ್ತೇವೆ. ಅವನು ಒಮ್ಮೆಯೂ ದನಿ ಏರಿಸಿದವನಲ್ಲ. ಮುಖಕ್ಕೆ ಬೆಳಕು ಬೀಳುವ ಹಾಗೆ ಎದುರಿಗೆ ಕೂತು, ಒಂದೊಂದು ಮಾತನ್ನೂ ತುಟಿಯ ಮೇಲೆ ಬಿಡಿಬಿಡಿಯಾಗಿ ಇಡುತ್ತಿದ್ದ. ಮಿಷನ್ ಹಾಕಿಸಿಕೊಂಡ ಮುದುಕರು ಸುಮ್ಮನೆ ಮಾತಾಡಿಸಲೆಂದೇ ಬರುತ್ತಿದ್ದರು. ಮಕ್ಕಳು ಕೊಡಿಸಿದ ಫೋನು ತಂದು ಅವನ ಕೈಗಿಟ್ಟು, "ಇದನ್ನ ನೀವೇ ನೋಡ್ಕೊಳ್ಳಿ ಡಾಕ್ಟ್ರೇ" ಎನ್ನುತ್ತಿದ್ದರು.

ಆ ಫೋನಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಈಗಿನ ಮಿಷನ್ನುಗಳು ಫೋನಿಗೆ ಜೋಡಿಯಾಗುತ್ತವೆ. ಫೋನಿಗೊಂದು ಮೆಸೇಜು ಬಂದರೆ ಸಾಕು, ಕಿವಿಯೊಳಗೇ ಟಿಂಗ್ ಎನ್ನುತ್ತದೆ. ಮುದುಕರು ಬೆಚ್ಚಿಬೀಳುತ್ತಿದ್ದರು. "ತಲೆಯೊಳಗೆ ಯಾರೋ ಲೋಟ ಬಡೀತಾರೆ ಕಣಯ್ಯ" ಎಂದು ಒಬ್ಬರು ಮಿಷನ್ನನ್ನೇ ಕಿತ್ತು ಮೇಜಿನ ಮೇಲೆ ಎಸೆದಿದ್ದರು. ಅದಕ್ಕೆ ಅವನೊಂದು ಉಪಾಯ ಮಾಡಿದ್ದ. ಎಲ್ಲರ ಫೋನಿನಲ್ಲೂ ಮೆಸೇಜಿನ ಸದ್ದು ತೆಗೆದುಬಿಡುತ್ತಿದ್ದ. ಗ್ಯಾರಂಟಿ ಕಾರ್ಡು, ಸರ್ವಿಸ್ ಕಾರ್ಡು, ಯಾವ ಫಾರಂ ತುಂಬಿದರೂ ಅವರ ನಂಬರಿನ ಜಾಗದಲ್ಲಿ ಅಂಗಡಿಯ ಎರಡನೇ ಫೋನಿನ ನಂಬರು ಬರೆಯುತ್ತಿದ್ದ. ಆ ಫೋನು ನನ್ನ ಕೌಂಟರಿನ ಕೆಳಗಿನ ಡ್ರಾಯರಿನಲ್ಲಿ, ಹಳೆ ಬ್ಯಾಟರಿಗಳ ಜೊತೆ ಬಿದ್ದಿರುತ್ತಿತ್ತು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಏರ್ಪಾಡು ಅದು. ಇದನ್ನು ನೆನಪಿಟ್ಟುಕೊಳ್ಳಿ.

ಇನ್ನು ಅವನ ಮಗಳು. ಹುಟ್ಟಿದಾಗಿನಿಂದ ಎರಡೂ ಕಿವಿ ಕೇಳಿಸುತ್ತಿರಲಿಲ್ಲ. ಮೂರನೇ ವರ್ಷದಲ್ಲಿ ಆಪರೇಷನ್ ಮಾಡಿ ತಲೆಯೊಳಗೊಂದು ತಂತಿ ಕೂರಿಸಿದ್ದರು, ಹೊರಗೆ ಕಿವಿಯ ಹಿಂದೆ ಒಂದು ಮಿಷನ್. ಆ ಹುಡುಗಿಗೆ ನಾನಿಟ್ಟ ಹೆಸರು ಕಳ್ಳಿ. ಯಾಕೆಂದರೆ ಅವಳು ಮಾತು ಕದಿಯುತ್ತಿದ್ದಳು. ಮಿಷನ್ ಬರುವ ಮುಂಚಿನಿಂದಲೂ ತುಟಿ ನೋಡಿಯೇ ಬೆಳೆದ ಮಗು. ಸ್ಕೂಲು ಬಿಟ್ಟ ಮೇಲೆ ನೀಲಿ ಬೆಂಚಿನ ತುದಿಯಲ್ಲಿ ಕೂತು, ರಸ್ತೆಯಾಚೆಯ ಬೇಕರಿಯವನು ಬಾಗಿಲಲ್ಲಿ ನಿಂತು ಹೆಂಡತಿಯ ಜೊತೆ ಜಗಳವಾಡುವುದನ್ನು ನನಗೆ ಸಾಲುಸಾಲಾಗಿ ಒಪ್ಪಿಸುತ್ತಿದ್ದಳು. "ಅತ್ತೆ, ಈಗ ಅವಳು ನಿಮ್ಮಮ್ಮನ ಮನೇಗೇ ಹೋಗಿ ಸಾಯಿ ಅಂದ್ಲು." ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ. ಮಕ್ಕಳಿಲ್ಲದ ನನ್ನನ್ನು ಅತ್ತೆ ಎಂದು ಕರೆದವಳು ಅವಳೊಬ್ಬಳೇ.

ಅವಳಿಗೆ ಹದಿಮೂರು ತುಂಬುವಾಗ ಹೊರಗಿನ ಮಿಷನ್ನಿಗೆ ಹತ್ತು ವರ್ಷವಾಗಿತ್ತು. ಕಂಪನಿಯವರು ಅದರ ಬಿಡಿಭಾಗ ಮಾಡುವುದನ್ನೇ ನಿಲ್ಲಿಸಿದ್ದರು. ಮಾತು ಕೇಳುತ್ತಾ ಕೇಳುತ್ತಾ ಪಕ್ಕನೆ ಕಡಿದುಹೋಗುವುದು, ಬೆರಳಲ್ಲಿ ತಟ್ಟಿದರೆ ಮತ್ತೆ ಬರುವುದು. ಕ್ಲಾಸಿನಲ್ಲಿ ಟೀಚರು ಬೋರ್ಡಿನ ಕಡೆ ತಿರುಗಿದರೆ ತುಟಿಯೂ ಇಲ್ಲ, ದನಿಯೂ ಇಲ್ಲ. ಎರಡು ಪರೀಕ್ಷೆಯಲ್ಲಿ ಫೇಲಾದಳು. ಹೊಸ ಮಿಷನ್ನಿನ ಬೆಲೆ ಅವನ ಹದಿನಾಲ್ಕು ತಿಂಗಳ ಸಂಬಳ. ಹೆಂಡತಿ ಬಟ್ಟೆ ಕಾರ್ಖಾನೆಯಲ್ಲಿ ಎರಡು ಪಾಳಿ ದುಡಿದರೂ ಮನೆ ಬಾಡಿಗೆ, ಫೀಸು ಕಳೆದು ಏನೂ ಉಳಿಯುತ್ತಿರಲಿಲ್ಲ. ದಿನವಿಡೀ ಊರಿನವರ ಕಿವಿ ಸರಿಮಾಡುವವನು ತನ್ನ ಮಗಳ ಮಿಷನ್ನಿಗೆ ಅಂಟುಪಟ್ಟಿ ಸುತ್ತಿ ಕೊಟ್ಟು ಕಳಿಸುತ್ತಿದ್ದ.

ಆ ಹೊತ್ತಿಗೆ ಬ್ಯಾಟರಿಯವನು ಬಂದ. ಹೆಗಲಿಗೆ ಚೀಲ ಹಾಕಿಕೊಂಡು ಏಳೆಂಟು ವರ್ಷ ನಮಗೆ ಬ್ಯಾಟರಿ ಮಾರಿದವನೇ. ಈ ಸಲ ಚೀಲವಿರಲಿಲ್ಲ, ಇಸ್ತ್ರಿ ಮಾಡಿದ ಅಂಗಿಯಿತ್ತು. ಚುನಾವಣೆಗೆ ನಿಂತಿದ್ದ ದೊಡ್ಡ ಮನುಷ್ಯರೊಬ್ಬರ ದೇಣಿಗೆ ಆಫೀಸಿನಲ್ಲಿ ಕೆಲಸ ಹಿಡಿದಿದ್ದ.

"ಈ ಆನ್‌ಲೈನಲ್ಲಿ ಚಪ್ಪಲಿ ಮಾರ್ತಾರಲ್ಲ, ನೋಡಿದೀರಾ?" ಎಂದು ಶುರುಮಾಡಿದ. "ಒಬ್ಬೊಬ್ಬರಿಗೂ ಒಂದೊಂದು ಲಿಂಕು. ನಿಮ್ಮ ಲಿಂಕ್ ಒತ್ತಿ ಯಾರಾದ್ರೂ ಚಪ್ಪಲಿ ತಗೊಂಡ್ರೆ ನಿಮಗೆ ಕಮಿಷನ್. ಅದೇ ಲೆಕ್ಕ. ಇಲ್ಲಿ ಚಪ್ಪಲಿ ಬದಲು ದೇಣಿಗೆ. ನಿಮ್ಮ ಲಿಂಕಲ್ಲಿ ನೂರು ಬಂತು ಅನ್ನಿ, ಇಪ್ಪತ್ತು ನಿಮ್ಮದು."

"ದಾನದಲ್ಲೂ ಕಮಿಷನ್ನಾ?" ಎಂದೆ ನಾನು.

"ಅಕ್ಕ, ನೀವೊಳ್ಳೆ. ಎಲ್ಲಾ ನ್ಯಾಯವಾಗಿದೆ. ಫಾರಂ ಕೆಳಗಡೆ ಸಣ್ಣಕ್ಷರದಲ್ಲಿ ಬರ್ದಿದೆ."

ನಾನು ಮುಖ ಗಂಟು ಹಾಕಿಕೊಂಡು ಬ್ಯಾಟರಿ ಎಣಿಸತೊಡಗಿದೆ. ಆದರೆ ಆ ಮನುಷ್ಯನಿಗೆ ಎಲ್ಲಿ ಒತ್ತಬೇಕೆಂದು ಗೊತ್ತಿತ್ತು. ಜೇಬಿನಿಂದ ಕರಪತ್ರ ತೆಗೆದು ಕಿವಿ ಡಾಕ್ಟ್ರ ಮುಂದಿಟ್ಟ. ಗೆದ್ದ ನೂರು ದಿನದೊಳಗೆ ಕಿವಿ ಕೇಳಿಸದ ಎಲ್ಲ ಮಕ್ಕಳಿಗೂ ಮಿಷನ್ ಉಚಿತ ಎಂದು ದಪ್ಪಕ್ಷರದಲ್ಲಿತ್ತು. ಪಕ್ಕದಲ್ಲಿ ನಾಯಕರು ಒಂದು ಮಗುವನ್ನೆತ್ತಿಕೊಂಡ ಫೋಟೋ.

ಅವನು ಅದನ್ನು ಎರಡು ಸಲ ಓದಿದ. ಆಮೇಲೆ, "ನಮ್ಮಂಥವರ ಕಷ್ಟ ಯಾರೋ ಒಬ್ರಿಗಾದ್ರೂ ಗೊತ್ತಾಯ್ತಲ್ಲ ಅಕ್ಕ" ಎಂದ. ಅವನು ದುಡ್ಡಿಗಾಗಿಯೇ ಕೈ ಹಾಕಿದ ಎಂದು ಹೇಳುವವರ ಬಾಯಿ ಮುಚ್ಚಿಸಲು ನಾನು ಇದನ್ನು ಹೇಳುತ್ತಿದ್ದೇನೆ. ಅವನು ನಂಬಿದ್ದ. ಇಪ್ಪತ್ತು ಬರುತ್ತದೆ ಎಂಬುದೂ ಸೇರಿಕೊಂಡಿತು. ಎರಡೂ ಒಟ್ಟಿಗೇ ಇತ್ತು.

ಮೊದಮೊದಲು ಕುರ್ಚಿಯಲ್ಲಿ ಕೂತವರಿಗಷ್ಟೇ ಹೇಳುತ್ತಿದ್ದ. ಮಿಷನ್ ಸರಿಮಾಡಿಕೊಟ್ಟು, ಕರಪತ್ರ ತೋರಿಸಿ, "ನಿಮಗೆ ಇಷ್ಟ ಇದ್ರೆ ಮಾತ್ರ" ಎನ್ನುತ್ತಿದ್ದ. ಮುದುಕರು ಕರಪತ್ರ ನೋಡುತ್ತಲೇ ಇರಲಿಲ್ಲ. "ನೀವು ಹೇಳಿದ್ಮೇಲೆ ಮುಗೀತು" ಎಂದು ಫೋನು ಕೊಟ್ಟುಬಿಡುತ್ತಿದ್ದರು. ಅವನು ಫಾರಂ ತುಂಬುತ್ತಿದ್ದ, ನಾನು ಅವರ ಬ್ಯಾಂಕ್ ಕಾರ್ಡಿನ ನಂಬರು ಓದುತ್ತಿದ್ದೆ. ಹೌದು, ನಾನೇ ಓದುತ್ತಿದ್ದೆ. ಫೋನ್ ನಂಬರಿನ ಜಾಗದಲ್ಲಿ ಕೈ ರೂಢಿಯಂತೆ ಡ್ರಾಯರಿನ ಫೋನಿನ ನಂಬರು ಹೋಗುತ್ತಿತ್ತು. ಹಣದ ಅಂಕಿಯ ಕೆಳಗೆ ಒಂದು ಚಿಕ್ಕ ಚೌಕವಿತ್ತು. ಅದರಲ್ಲಿ ಮುಂಚೆಯೇ ಸರಿ ಗುರುತು ಹಾಕಿತ್ತು: ನಾನು ನಿಲ್ಲಿಸುವವರೆಗೆ ಪ್ರತಿ ತಿಂಗಳೂ. ಅದರ ಕೆಳಗೆ ಇನ್ನೊಂದು ಚೌಕ, ಅದಕ್ಕೂ ಗುರುತು: ಚುನಾವಣೆಯ ತಿಂಗಳು ಎರಡು ಪಟ್ಟು. ಹಲ್ಲಿಯ ಕಣ್ಣಿನಷ್ಟು ಅಕ್ಷರ. ಕಿವಿಯೊಳಗಿನ ಕೂದಲನ್ನೂ ಎಣಿಸುವ ಭೂತಗನ್ನಡಿ ಇಟ್ಟುಕೊಂಡಿದ್ದ ನಾವು ಆ ಎರಡು ಚೌಕಗಳನ್ನು ನೋಡಲಿಲ್ಲ.

ಹೊಲಿಗೆ ಅಜ್ಜಿ ಕೊಟ್ಟದ್ದು ನನಗೆ ಚೆನ್ನಾಗಿ ನೆನಪಿದೆ. ಐವತ್ತು ವರ್ಷ ಹೊಲಿಗೆ ಮಿಷನ್ ತುಳಿದ ಹೆಂಗಸು. ಆ ಸದ್ದಿಗೇ ಕಿವಿ ಹೋಯಿತು ಎಂದು ತಮಾಷೆ ಮಾಡಿಕೊಳ್ಳುತ್ತಿದ್ದಳು. ಒಬ್ಬನೇ ಮಗ, ದೂರದಲ್ಲಿ ಲಾರಿ ಓಡಿಸುತ್ತಾನೆ, ಭಾನುವಾರ ಭಾನುವಾರ ಫೋನು ಮಾಡುತ್ತಾನೆ. ಅವಳ ಕೈಗೆ ಬರುತ್ತಿದ್ದದ್ದು ಚಿಕ್ಕದೊಂದು ಪಿಂಚಣಿ. "ಎಷ್ಟು ಹಾಕ್ಲಿ ಅಜ್ಜಿ?" ಎಂದು ಅವನು ಕೇಳಿದಾಗ ಅಜ್ಜಿ ಬೆಂಚಿನ ಮೇಲಿದ್ದ ಕಳ್ಳಿಯ ಗಲ್ಲ ಹಿಂಡಿ, "ಈ ಮಗೂಗೆ ಒಳ್ಳೇದಾಗತ್ತೆ ಅಂದ್ರೆ ನೂರು ಹಾಕಪ್ಪ" ಎಂದಳು. ಒಂದು ಸಲ ಕೊಡುವ ನೂರು ಎಂದು ಅವಳೂ ತಿಳಿದಿದ್ದಳು, ನಾನೂ ತಿಳಿದಿದ್ದೆ.

ಮೊದಲ ತಿಂಗಳ ಪಾಲು ಬಂದಾಗ ಅವನು ನನ್ನ ಸ್ಟೂಲಿಗೊಂದು ಮೆತ್ತನೆಯ ದಿಂಬು ತಂದುಕೊಟ್ಟ. "ಎಷ್ಟು ವರ್ಷದಿಂದ ಮರದ ಮೇಲೇ ಕೂತಿದೀರ ಅಕ್ಕ" ಎಂದ. ನನಗೆ ಕಣ್ಣು ತುಂಬಿಬಂತು. ಆ ದಿಂಬಿನ ಮೇಲೆ ಒಂದು ವರ್ಷ ಕೂತೆ.

ಪಾಲು ಬರುತ್ತಾ ಬರುತ್ತಾ ಅವನ ಧೈರ್ಯ ಹೆಚ್ಚಿತು. ಅಂಗಡಿಯ ಗಿರಾಕಿಗಳ ಪಟ್ಟಿಯಲ್ಲಿದ್ದ ಎಂಟುನೂರು ಜನರ ಸ್ವಂತ ನಂಬರಿಗೂ ಲಿಂಕು ಕಳಿಸಿದ. ಕೆಳಗೆ, "ನಿಮ್ಮ ಕಿವಿ ಡಾಕ್ಟ್ರು" ಎಂದು ಬರೆದ. ಕುರ್ಚಿಯಲ್ಲಿ ಕೂತು ಕೊಟ್ಟವರೂ ಸೇರಿ ನೂರ ಅರವತ್ತೆರಡು ಜನ ಕೊಟ್ಟರು, ಕೆಲವರು ಸಾವಿರದವರೆಗೂ. ಫೋನಿನ ಮೇಲೆ ಬರುವ ಯಾವುದನ್ನೂ ನಂಬಬೇಡಿ ಎಂದು ಮಕ್ಕಳು ಹೇಳಿಕೊಟ್ಟಿದ್ದವರು ಕೂಡ ಆ ಹೆಸರು ನೋಡಿ ಕೊಟ್ಟರು. ತಾವೇ ಒತ್ತಲು ಬಾರದೆ ಎಲ್ಲರೂ ಅಂಗಡಿಗೇ ಬಂದು ಅವನ ಕೈಯಲ್ಲಿ ಒತ್ತಿಸಿಕೊಂಡು ಹೋದರು.

ನಾಯಕರು ಗೆದ್ದರು. ಅವತ್ತು ಬ್ಯಾಟರಿಯವನು ಸಿಹಿ ಪೊಟ್ಟಣ ತಂದ. ನೂರು ದಿನ ಕಳೆಯಿತು. ಮಿಷನ್ ಕೊಡುವುದು ಹೇಗೆಂದು ಯೋಚಿಸಲು ಒಂದು ಸಮಿತಿ ಮಾಡಿದ್ದಾರೆ ಎಂದು ಪೇಪರಿನ ಒಳಪುಟದಲ್ಲಿ ಬಂತು. ಸಮಿತಿ ಈಗಲೂ ಯೋಚಿಸುತ್ತಿರಬೇಕು.

ಕಿವಿ ಡಾಕ್ಟ್ರು ಸಮಿತಿಯನ್ನು ಕಾಯಲಿಲ್ಲ. ಪ್ರತಿ ತಿಂಗಳು ಬರುತ್ತಿದ್ದ ಪಾಲನ್ನು ನಂಬಿಕೊಂಡು ಕಂಪನಿಯಿಂದ ಹೊಸ ಮಿಷನ್ನನ್ನು ಕಂತಿನ ಮೇಲೆ ತಂದ. ಅದನ್ನು ಹಾಕಿದ ದಿನ ನಾನೂ ಪಕ್ಕದಲ್ಲಿದ್ದೆ. ಹುಡುಗಿ ಒಂದು ನಿಮಿಷ ಅಲ್ಲಾಡದೆ ಕೂತಳು. ಆಮೇಲೆ ತಲೆಯೆತ್ತಿ, "ಅತ್ತೆ, ಈ ಫ್ಯಾನು ಎಷ್ಟು ದಿನದಿಂದ ಹೀಗೆ ಕಿರಗುಡ್ತಿದೆ? ಎಣ್ಣೆ ಹಾಕ್ಸಬಾರದಾ?" ಎಂದಳು. ನಾವಿಬ್ಬರೂ ನಕ್ಕೆವು. ಅವನು ನಗುತ್ತಲೇ ಹಿಂದಿನ ಕೋಣೆಗೆ ಹೋದ. ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಅವಳು ಎಲ್ಲದರಲ್ಲೂ ಪಾಸಾದಳು.

ಇದು ಇಲ್ಲಿಗೇ ನಿಂತಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ.

ಸ್ಕೂಲಿಗೆ ರಜೆ ಇದ್ದ ಒಂದು ಬೆಳಿಗ್ಗೆ, ಬೆಂಚಿನ ತುದಿಯಲ್ಲಿ ಕಳ್ಳಿ ಪುಸ್ತಕ ಹಿಡಿದು ಕೂತಿದ್ದಳು. ಹೊಲಿಗೆ ಅಜ್ಜಿ ಬಂದಳು. ಬಂದು ಬಹಳ ದಿನವಾಗಿತ್ತು. ಕಿವಿ ಖಾಲಿ. ಮಿಷನ್ ಎಲ್ಲಿ ಎಂದು ನಾನು ಸನ್ನೆ ಮಾಡಿದೆ. ಅವಳು ಸೆರಗಿನ ಗಂಟು ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿದ ಮಿಷನ್ ತೋರಿಸಿದಳು.

"ಭಾನುವಾರ ಮಾತ್ರ ಹಾಕ್ಕೋತೀನಿ ಕಣಮ್ಮ" ಎಂದಳು, ಕಿವಿ ಕೇಳಿಸದವರ ದೊಡ್ಡ ದನಿಯಲ್ಲಿ. "ಮಗ ಫೋನ್ ಮಾಡ್ತಾನಲ್ಲ, ಆವಾಗ. ಮಿಕ್ಕ ದಿನ ಬ್ಯಾಟರಿ ಉಳಿಸ್ತೀನಿ. ದುಡ್ಡು ಯಾಕೋ ಸಾಲ್ತಾ ಇಲ್ಲ. ಹಾಲು ಬಿಟ್ಟೆ, ಮಾತ್ರೆ ಅರ್ಧ ಮುರ್ದು ತಗೋತೀನಿ, ಆದ್ರೂ ಸಾಲ್ತಿಲ್ಲ. ವಯಸ್ಸಾಯ್ತು ನೋಡು, ಕೈ ಹಿಡಿತ ಇಲ್ಲ. ಎಲ್ಲಿ ಖರ್ಚು ಮಾಡ್ತೀನೋ ನಂಗೇ ಗೊತ್ತಿಲ್ಲ. ಒಂದು ಬ್ಯಾಟರಿ ಪೊಟ್ಟಣ ಕೊಡು, ದುಡ್ಡು ಒಂದನೇ ತಾರೀಕು ಕೊಡ್ತೀನಿ."

ನನಗೆ ಏನನ್ನಿಸಿತೋ, ಅವಳ ಫೋನು ಕೇಳಿ ತೆಗೆದುಕೊಂಡೆ. ಬ್ಯಾಂಕಿನ ಮೆಸೇಜುಗಳು ಒಂದೂ ತೆರೆಯದೆ ಸಾಲಾಗಿ ಬಿದ್ದಿದ್ದವು. ಸದ್ದಿಲ್ಲದ ಮೆಸೇಜನ್ನು ಅವಳು ಯಾಕೆ ತೆರೆದಾಳು? ನೂರು. ನೂರು. ಮತ್ತೆ ನೂರು. ಚುನಾವಣೆಯ ತಿಂಗಳು ಇನ್ನೂರು. ಆಮೇಲೂ ನೂರು. ಹೋದ ವಾರವೂ ನೂರು. ಡ್ರಾಯರು ಎಳೆದು ಎರಡನೇ ಫೋನು ತೆಗೆದೆ. ತೆರೆದರೆ ನೂರಾರು ಮೆಸೇಜು, ಎಲ್ಲವೂ ಒಂದೇ: ನಿಮ್ಮ ಈ ತಿಂಗಳ ದೇಣಿಗೆ ತಲುಪಿದೆ, ನಿಮ್ಮ ಔದಾರ್ಯಕ್ಕೆ ವಂದನೆ, ನಿಲ್ಲಿಸಬೇಕಿದ್ದರೆ ಇಲ್ಲಿ ಒತ್ತಿ. ನನ್ನ ಕೆಟ್ಟ ಸಿಟ್ಟಿಗೆ ಅಷ್ಟು ಸಾಕಿತ್ತು.

ಅಜ್ಜಿಯನ್ನು ಹುಡುಗಿಯ ಪಕ್ಕ ಕೂರಿಸಿ, ಹಿಂದಿನ ಕೋಣೆಗೆ ಹೋಗಿ ಅವನ ತೋಳು ಹಿಡಿದು ಎಳೆದೆ. ಹುಡುಗಿಯ ಎದುರಿಗೆ ಅವಳಪ್ಪನ ಮಾನ ಕಳೆಯಬಾರದು ಎಂಬ ಬುದ್ಧಿ ಆಗಲೂ ಇತ್ತು ನನಗೆ. ಅದಕ್ಕೇ ಪೆಟ್ಟಿಗೆಯೊಳಗೆ ತಳ್ಳಿ ಬಾಗಿಲು ಹಾಕಿದೆ.

"ಇದೇನಿದು?" ಎಂದು ಫೋನನ್ನು ಅವನ ಮೂಗಿಗೆ ಹಿಡಿದೆ. "ತಿಂಗಳು ತಿಂಗಳೂ ಹೋಗ್ತಿದೆ. ನೂರ ಅರವತ್ತೆರಡು ಜನರದ್ದೂ ಹೋಗ್ತಿದೆ. ನಿಂಗೆ ಗೊತ್ತಾ ಇದು?"

ಗೊತ್ತಿಲ್ಲ ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ಗಾಬರಿಯಾಗುತ್ತಾನೆ, ಇಬ್ಬರೂ ತಲೆ ಮೇಲೆ ಕೈ ಹೊತ್ತು ಕೂರುತ್ತೇವೆ, ಆಮೇಲೆ ಏನಾದರೂ ದಾರಿ ಹುಡುಕುತ್ತೇವೆ. ಅವನು ಸ್ಟೂಲಿನ ಮೇಲೆ ಕೂತ.

"ಒಂಬತ್ತನೇ ತಿಂಗಳಲ್ಲಿ ಗೊತ್ತಾಯ್ತು ಅಕ್ಕ" ಎಂದ.

ನಾನು ಫೋನನ್ನು ಕೆಳಗಿಳಿಸಿದೆ.

"ಹೊಸಬರು ಯಾರೂ ಬರ್ದೇ ಇದ್ರೂ ಪಾಲು ಮಾತ್ರ ಬರ್ತಾನೇ ಇತ್ತು. ಯಾಕೆ ಅಂತ ಬ್ಯಾಟರಿಯವನನ್ನ ಕೇಳ್ದೆ. ಹೇಳ್ದ. ನಿಲ್ಸು ಅಂದೆ. ನಿಲ್ಸಬಹುದು, ಆದ್ರೆ ಅವರು ದುಡ್ಡು ವಾಪಸ್ ಕೇಳಿದ್ರೆ ನಿನ್ನ ಪಾಲೂ ವಾಪಸ್ ಕೊಡ್ಬೇಕಾಗತ್ತೆ ಅಂದ. ಅಷ್ಟೊತ್ತಿಗೆ ಮಿಷನ್ ತಂದಾಗಿತ್ತು. ಒಂದು ಕಂತು ತಪ್ಪಿದ್ರೂ ಕಂಪನಿಯವರು ಬಂದು ಅವಳ ಕಿವಿಯಿಂದ ಬಿಚ್ಕೊಂಡು ಹೋಗ್ತಾರೆ."

"ಆ ಮುದುಕಿ ಹಾಲು ಬಿಟ್ಟಿದಾಳೆ ಕಣೋ!"

"ಬ್ಯಾಟರಿ ಸುಮ್ನೆ ಕೊಟ್ಬಿಡಿ. ನನ್ನ ಲೆಕ್ಕಕ್ಕೆ ಬರ್ಕೊಳ್ಳಿ."

"ಅವಳ ದುಡ್ಡಲ್ಲೇ ಅವಳಿಗೆ ದಾನ ಮಾಡ್ತೀಯಾ?" ನಾನು ಕಿರುಚಿದೆ. ಸ್ಪಂಜು ನನ್ನ ದನಿಯನ್ನು ನುಂಗಿತು.

"ಇನ್ನು ನಾಲ್ಕು ಕಂತು ಅಕ್ಕ. ನಾಲ್ಕೇ ತಿಂಗಳು. ಅದು ತೀರಿದ್ ದಿನಾನೇ ಎಲ್ಲಾ ನಿಲ್ಲಿಸ್ತೀನಿ, ದೇವರಾಣೆ." ಅವನು ತಲೆಯೆತ್ತಿ ನನ್ನನ್ನು ನೋಡಿದ. ಅವನ ಮುಖದ ಮೇಲೆ ಪೆಟ್ಟಿಗೆಯ ದೀಪ ನೇರವಾಗಿ ಬೀಳುತ್ತಿತ್ತು. ಆಗಲೂ ಅವನು ದನಿ ಏರಿಸಲಿಲ್ಲ; ಇಷ್ಟು ವರ್ಷದ ಅಭ್ಯಾಸ, ಒಂದೊಂದು ಮಾತನ್ನೂ ಬಿಡಿಬಿಡಿಯಾಗಿ ಹೇಳಿದ. "ಅವರೆಲ್ಲ ಅರವತ್ತು ವರ್ಷ ಕೇಳಿದಾರೆ. ಅಪ್ಪ ಅಮ್ಮನ ದನಿ, ಹಾಡು, ಮಕ್ಕಳ ಮಾತು, ಎಲ್ಲಾ ಕೇಳಿ ಮುಗಿಸಿದಾರೆ. ನನ್ನ ಮಗಳು ಏನು ಕೇಳಿದಾಳೆ? ಅವರಿಗೆ ನಾಲ್ಕು ತಿಂಗಳು ಕೇಳಿಸ್ದೇ ಇದ್ರೆ ಏನಾಗತ್ತೆ?"

ಆ ಮಾತು ತಪ್ಪು ಎಂದು ನನಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತು. ನಾನು ಗೋಡೆಗೆ ಒರಗಿ ನಿಂತೆ. ಮಿಷನ್ನಿಗೆ ಅಂಟುಪಟ್ಟಿ ಸುತ್ತುತ್ತಿದ್ದ ಅವನ ಬೆರಳುಗಳು ನೆನಪಾಗಿ, ಸಿಟ್ಟೆಲ್ಲ ಇಳಿದುಹೋಗಿ, ನಾಲ್ಕು ತಿಂಗಳು ತಾನೇ ಎಂದು ನನಗೂ ಅನ್ನಿಸಿತು. ನಿಜ ಹೇಳುತ್ತಿದ್ದೇನೆ, ಅನ್ನಿಸಿತು.

ಅಷ್ಟರಲ್ಲಿ ಅವನ ಮುಖ ಬಿಳಿಚಿಕೊಂಡಿತು. ನನ್ನ ಹೆಗಲ ಮೇಲಿಂದ ಅವನು ಏನನ್ನೋ ನೋಡುತ್ತಿದ್ದ. ತಿರುಗಿದೆ.

ಗಾಜಿನ ಆಚೆ, ಬೆಂಚಿನ ತುದಿಯಲ್ಲಿ, ಹುಡುಗಿ ಪುಸ್ತಕ ಮಡಿಲಲ್ಲಿಟ್ಟುಕೊಂಡು ಅಪ್ಪನ ತುಟಿಯನ್ನೇ ನೋಡುತ್ತಿದ್ದಳು.

ಒಂದು ಗೇಣು ದಪ್ಪದ ಬಾಗಿಲನ್ನು ನಂಬಿ ಮಾತಾಡಿದ ನಮ್ಮಿಬ್ಬರ ಬುದ್ಧಿಗೆ ಏನು ಹೇಳಲಿ. ಬೇರೆ ಯಾರ ಮಕ್ಕಳಾಗಿದ್ದರೂ ಏನೂ ಗೊತ್ತಾಗುತ್ತಿರಲಿಲ್ಲ. ರಸ್ತೆಯಾಚೆಯ ಬೇಕರಿಯವನ ಜಗಳವನ್ನು ಓದುವವಳ ಎದುರಿಗೆ, ಮಾರು ದೂರದಲ್ಲಿ, ದೀಪದ ಕೆಳಗೆ ಕೂತು ಅವನು ಹೇಳಿದ್ದ. ಮಾತು ಬಿಡಿಬಿಡಿಯಾಗಿ ಹೇಳುವುದನ್ನು ಅವನು ಕಲಿತದ್ದೇ ಅವಳಿಗಾಗಿ.

ನಾವು ಹೊರಗೆ ಬರುವಷ್ಟರಲ್ಲಿ ಅವಳು ಮಿಷನ್ ತೆಗೆದಿದ್ದಳು. ಅಪ್ಪ ಕಲಿಸಿಕೊಟ್ಟ ಹಾಗೆ ಮೆತ್ತನೆಯ ಬಟ್ಟೆಯಿಂದ ಒರೆಸಿ, ಡಬ್ಬಿಯೊಳಗಿಟ್ಟು, ಮುಚ್ಚಳ ಹಾಕಿ ನನ್ನ ಕೌಂಟರಿನ ಮೇಲಿಟ್ಟಳು. ಮತ್ತೆ ಹೋಗಿ ಅಜ್ಜಿಯ ಪಕ್ಕ ಕೂತಳು. ಅವನು ಅವಳ ಮುಂದೆ ಮಂಡಿಯೂರಿದ.

"ಮಗಳೇ, ಇಲ್ಲಿ ನೋಡು. ಒಂದು ಮಾತು ಕೇಳು."

ಅವಳು ಕಣ್ಣು ಮುಚ್ಚಿಕೊಂಡಳು.

ನಾವು ಕೇಳಬಾರದ್ದಕ್ಕೆ ಕಿವಿ ಮುಚ್ಚಿಕೊಳ್ಳುತ್ತೇವೆ. ಅವಳಿಗೆ ಕಣ್ಣು ಮುಚ್ಚಿದರೆ ಸಾಕಿತ್ತು. ಅವನು ಅವಳ ಕೆನ್ನೆ ಮುಟ್ಟಿದ, ಭುಜ ಅಲ್ಲಾಡಿಸಿದ, ತುಟಿ ಆಡಿಸುತ್ತಲೇ ಇದ್ದ. ರೆಪ್ಪೆಯ ಕೆಳಗಿನಿಂದ ನೀರಿಳಿಯಿತೇ ಹೊರತು ಕಣ್ಣು ತೆರೆಯಲಿಲ್ಲ. ಪಕ್ಕದಲ್ಲಿದ್ದ ಅಜ್ಜಿಗೆ ಒಂದಕ್ಷರವೂ ಕೇಳಿಸಿರಲಿಲ್ಲ. ಹುಡುಗಿಯ ತಲೆಯನ್ನು ಎದೆಗೊತ್ತಿಕೊಂಡು, "ಏನಾಯ್ತಪ್ಪ ಮಗೂಗೆ? ಮಿಷನ್ ಕೆಟ್ಟುಹೋಯ್ತಾ? ಮತ್ತೆ ಬೇಕಾದ್ರೆ ನೂರು ಕೊಡ್ತೀನಿ" ಎಂದು ದೊಡ್ಡ ದನಿಯಲ್ಲಿ ಕೇಳಿದಳು.

ಅದೇ ದಿನ ಅವನು ನಿಲ್ಲಿಸಲು ಶುರುಮಾಡಿದ. ಪೆಟ್ಟಿಗೆಯೊಳಗೆ ಕೂತು ಒಂದೊಂದೇ ಹೆಸರು, ಒಂದೊಂದೇ ಒತ್ತು. ನೂರ ಅರವತ್ತೆರಡು ಹೆಸರಿಗೆ ನಾಲ್ಕು ದಿನ ಬೇಕಾಯಿತು. ಕೊಡುವಾಗ ಒಂದೇ ಸಲ ಒತ್ತಿದರೆ ಸಾಕಿತ್ತು. ನಿಲ್ಲಿಸುವಾಗ ಯಾಕೆ, ಏನು, ನಾಯಕರ ಮೇಲೆ ಬೇಸರವೇ ಎಂದು ಏಳು ಪ್ರಶ್ನೆ. ಕೊನೆಯ ಮೂರು ತಿಂಗಳದ್ದು ಮಾತ್ರ ವಾಪಸ್ ಬಂತು. ಅದಕ್ಕೂ ಮುಂಚಿನದು ನಾಯಕರ ಪೋಸ್ಟರುಗಳಾಗಿ ಗೋಡೆಗಳ ಮೇಲೆ ಹರಿದು ನೇತಾಡುತ್ತಿತ್ತು. ಅವನ ಪಾಲನ್ನು ಆಫೀಸಿನವರು ಮುಲಾಜಿಲ್ಲದೆ ಕಿತ್ತುಕೊಂಡರು. ಬ್ಯಾಟರಿಯವನು ಫೋನು ಎತ್ತಲಿಲ್ಲ. ಕಂಪನಿಯವರಿಗೆ ಕಂತು ತಪ್ಪಿತು, ಡಬ್ಬಿಯನ್ನು ಹಾಗೇ ತೆಗೆದುಕೊಂಡು ಹೋದರು. ಹುಡುಗಿಯ ಕಿವಿಯಿಂದ ಬಿಚ್ಚುವ ಕಷ್ಟ ಅವರಿಗಿರಲಿಲ್ಲ.

ಸುದ್ದಿ ಮುದುಕರಿಂದ ಮಕ್ಕಳಿಗೆ, ಮಕ್ಕಳಿಂದ ಯಜಮಾನರಿಗೆ ಹೋಯಿತು. ಅಂಗಡಿಯ ಗಿರಾಕಿಗಳ ಪಟ್ಟಿಯನ್ನು ಬಳಸಿಕೊಂಡ ಎಂದು ಅವನನ್ನು ಕೆಲಸದಿಂದ ತೆಗೆದರು. ಕಾರ್ಡಿನ ನಂಬರು ಓದಿದವಳು ನಾನು, ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಸಂಬಳ ಉಳಿಸಿಕೊಂಡೆ. ದಿಂಬನ್ನು ಮಾತ್ರ ತೆಗೆದು ಅಟ್ಟಕ್ಕೆ ಹಾಕಿದೆ, ಅದರಿಂದ ಯಾರಿಗೇನು ಉಪಯೋಗ. ಹೊಲಿಗೆ ಅಜ್ಜಿಗೆ ಪ್ರತಿ ತಿಂಗಳು ನನ್ನ ದುಡ್ಡಿನಲ್ಲಿ ಒಂದು ಪೊಟ್ಟಣ ಬ್ಯಾಟರಿ ಕೊಡುತ್ತೇನೆ. ಅವಳು ಅದನ್ನೂ ಭಾನುವಾರಕ್ಕೇ ಎತ್ತಿಡುತ್ತಾಳೆ.

ಅವನು ಈಗ ಮಾರ್ಕೆಟ್ಟಿನ ಗೋದಾಮಿನಲ್ಲಿ ಪೆಟ್ಟಿಗೆಗಳ ಮೇಲೆ ಚೀಟಿ ಅಂಟಿಸುತ್ತಾನೆ. ಸರ್ಟಿಫಿಕೇಟು ಇಲ್ಲೇ ಗೋಡೆಯ ಮೇಲಿದೆ, ತೆಗೆದುಕೊಂಡು ಹೋಗು ಎಂದರೆ ಬರಲಿಲ್ಲ. ಅವನ ಹೆಂಡತಿ ಒಮ್ಮೆ ಸಿಕ್ಕಾಗ ಹೇಳಿದಳು: "ಮನೇಲಿ ಅಪ್ಪ ಮಗಳು ಚೀಟಿ ಬರ್ಕೋತಾರೆ ಅಕ್ಕ. ಅವರು ಬರೆದದ್ದನ್ನ ಇವಳು ಓದ್ತಾಳೆ, ಉತ್ತರಾನೂ ಬರೀತಾಳೆ. ಮುಖ ಮಾತ್ರ ನೋಡಲ್ಲ."

ಸ್ಕೂಲು ಬಿಟ್ಟ ಮೇಲೆ ಹುಡುಗಿ ಈಗಲೂ ಬರುತ್ತಾಳೆ. ಹಳೆಯ ಮಿಷನ್ನಿಗೆ ಅಂಟುಪಟ್ಟಿ ನಾನೇ ಸುತ್ತುತ್ತೇನೆ. ಅದು ಹತ್ತು ಮಾತಿಗೆ ನಾಲ್ಕನ್ನು ನುಂಗುತ್ತದೆ. ಉಳಿದದ್ದನ್ನು ನನ್ನ ತುಟಿಯಿಂದ ತೆಗೆದುಕೊಳ್ಳುತ್ತಾಳೆ. ಬೇಕರಿಯವನ ಜಗಳ ಹೇಳು ಎಂದು ಪೀಡಿಸಿದರೆ ಒಂದೆರಡು ಸಾಲು ಹೇಳುತ್ತಾಳೆ, ಮುಂಚಿನ ಹಾಗೆ ನಟಿಸಿ ತೋರಿಸುವುದಿಲ್ಲ.

ಹೋದ ವಾರ ಅವಳು ನನ್ನ ಎದುರು ಕೂತು ಲೆಕ್ಕ ಮಾಡುತ್ತಿದ್ದಾಗ ನಾನು ಹೊರಗೆ ನೋಡಿದೆ. ರಸ್ತೆಯಾಚೆ, ಬೇಕರಿಯ ಬಾಗಿಲಲ್ಲಿ ಅವನು ನಿಂತಿದ್ದ. ಗೋದಾಮಿನ ಧೂಳು ಮೈಮೇಲೆ ಹಾಗೇ ಇತ್ತು. ಬಿಸಿಲಿಗೆ ಮುಖ ಒಡ್ಡಿಕೊಂಡು, ಅಂಗಡಿಯ ಕಡೆ ನೋಡುತ್ತಾ, ಏನೋ ಹೇಳುತ್ತಿದ್ದ. ಒಂದೊಂದೇ ಮಾತು, ಬಿಡಿಬಿಡಿಯಾಗಿ, ಮತ್ತೆ ಮತ್ತೆ. ನನಗೆ ತುಟಿ ಓದಲು ಬರುವುದಿಲ್ಲ. ಹುಡುಗಿಯ ತಲೆ ಒಮ್ಮೆ ಮೇಲೆದ್ದು ಮತ್ತೆ ಪುಸ್ತಕಕ್ಕೆ ಬಗ್ಗಿತು.

"ಅಪ್ಪ ಏನು ಹೇಳ್ತಿದಾನೆ?" ಎಂದು ಕೇಳಿದೆ.

ಅವಳು ಲೆಕ್ಕದ ಕೆಳಗೆ ಅಡ್ಡಗೆರೆ ಎಳೆದಳು.

"ಗೊತ್ತಿಲ್ಲ ಅತ್ತೆ" ಎಂದಳು. "ನಾನು ನೋಡ್ಲಿಲ್ಲ."